ಆಳಸಮುದ್ರದ ಹೈಡ್ರಾಯ್ಡ್: ಇದು ಅಕ್ರಿಪ್ಟೊಲೇರಿಯಾ ಕಾನ್ಫರ್ಟಾ ಅನ್ನಬಹುದೇ?

ಆಳನೀರು:

ನಮಸ್ಕಾರ. 1,100ರಿಂದ 1,180 ಮೀಟರ್ ಆಳದಲ್ಲಿ ಎಳೆದ ಟ್ರಾಲ್ ಬಲೆಯಲ್ಲಿ ಬಂದ ಹೈಡ್ರಾಯ್ಡ್ (ಗಿಡದಂತೆ ಕವಲೊಡೆದು ಕಾಲನಿಯಾಗಿ ಬೆಳೆಯುವ ಸಮುದ್ರಪ್ರಾಣಿ) ಒಂದರ ಹೆಸರು ಹಿಡಿಯಬೇಕಿದೆ. ಮೂರು ತುಂಡುಗಳಿವೆ. ದೊಡ್ಡದು 7 ಸೆಂ.ಮೀ. ಎತ್ತರ. ಎರಡನ್ನು 4% ಫಾರ್ಮಾಲ್ಡಿಹೈಡ್‌ನಲ್ಲಿ ಇಟ್ಟು ಆಮೇಲೆ 70% ಆಲ್ಕೋಹಾಲ್‌ಗೆ ಹಾಕಲಾಗಿದೆ. ಮೂರನೆಯದು ಮೊದಲಿನಿಂದಲೂ 96% ಆಲ್ಕೋಹಾಲ್‌ನಲ್ಲೇ ಇದೆ.

ಕಂಡದ್ದು ಇಷ್ಟು: ಕಾಂಡ ಒಂದೇ ಕೊಳವೆಯದಲ್ಲ, ಹಲವು ಕೊಳವೆಗಳು ಒತ್ತಾಗಿ ಸೇರಿದ್ದು. ಕವಲುಗಳು ಹೆಚ್ಚುಕಡಿಮೆ ಒಂದೇ ಸಮತಲದಲ್ಲಿವೆ. ಹೈಡ್ರೋಥೀಕಾಗಳು (ಒಂದೊಂದು ಪಾಲಿಪ್, ಅಂದರೆ ಕಾಲನಿಯ ಒಂದೊಂದು ಪುಟ್ಟ ಜೀವಿ, ಕೂರುವ ಗೂಡುಗಳು) ಎರಡು ಸಾಲಿನಲ್ಲಿ, ಎಡಕ್ಕೊಂದು ಬಲಕ್ಕೊಂದು. ಆಕಾರ ಕೊಳವೆಯಂತೆ, ಕೆಳಗಿನ ಅರ್ಧ ಕವಲಿಗೆ ಅಂಟಿಕೊಂಡಿದೆ, ಮೇಲಿನ ಅರ್ಧ ಹೊರಕ್ಕೆ ಬಾಗಿದೆ. ಬಾಯಿ ದುಂಡಗೆ, ಅಂಚು ನುಣುಪು, ಮುಚ್ಚಳ ಇಲ್ಲ. ಉದ್ದ ಸುಮಾರು 0.9 ಮಿ.ಮೀ., ಬಾಯಿಯ ಅಗಲ 0.2 ಮಿ.ಮೀ.ನಿಂದ 0.3ರವರೆಗೆ ಏರಿಳಿಯುತ್ತದೆ. ಎಷ್ಟೋ ಕಡೆ ಅಂಚಿನ ಮೇಲೆ ಅಂಚು ಬೆಳೆದು ಎರಡು ಮೂರು ಬಳೆ ಇಟ್ಟ ಹಾಗಿದೆ. ಪಾಲಿಪ್‌ಗಳು ಬಹುಪಾಲು ಉದುರಿಹೋಗಿವೆ. ಕೆಳಗಿನ ಒಂದು ಕವಲಿನ ಸುತ್ತ 6 ಮಿ.ಮೀ. ಉದ್ದದ, ಕಂಬಳಿ ಸುತ್ತಿದಂಥ ಒಂದು ಉಬ್ಬು ಇದೆ. ಅದು ಕೊಪಿನಿಯಾ, ಅಂದರೆ ಸಂತಾನೋತ್ಪತ್ತಿ ಗೂಡುಗಳ ಗುಂಪು, ಇರಬೇಕು ಅಂದುಕೊಂಡಿದ್ದೇನೆ.

ಗುರುತಿನ ಕೀಲಿ (ಲಕ್ಷಣಗಳನ್ನು ಒಂದೊಂದಾಗಿ ಕೇಳುತ್ತಾ ಹೆಸರಿಗೆ ಕೊಂಡೊಯ್ಯುವ ಪಟ್ಟಿ) ಹಿಡಿದು ಹೋದರೆ ಅಕ್ರಿಪ್ಟೊಲೇರಿಯಾ ಕುಲದ ಕಾನ್ಫರ್ಟಾ ಪ್ರಭೇದಕ್ಕೆ ಬಂದು ನಿಲ್ಲುತ್ತೇನೆ. ಆದರೆ ಅದನ್ನು ಹೋಲುವ ಜೈಗೊಫೈಲಾಕ್ಸ್ ಕುಲದ್ದು ಅಲ್ಲ ಎಂದು ಖಚಿತವಾಗಿ ಹೇಳಲು ಆಗುತ್ತಿಲ್ಲ. ಯಾವುದನ್ನು ನೋಡಬೇಕು, ಯಾವುದನ್ನು ಎಲ್ಲಿಂದ ಎಲ್ಲಿಗೆ ಅಳೆಯಬೇಕು? ಯಾವ ಹೆಸರಿಗೂ ಹೊಂದದಿದ್ದರೆ ಇಷ್ಟೇ ಮಾದರಿಯಿಂದ ಹೊಸ ಪ್ರಭೇದ ಎಂದು ವರ್ಣಿಸಬಹುದೇ?

ಸ್ಲೈಡ್‌ಪೆಟ್ಟಿಗೆ:

ನಿಮ್ಮ ವಿವರಣೆಯಲ್ಲಿ ಹೈಡ್ರೋಥೀಕಾದ ಬಾಯಿಯ ಬಗ್ಗೆ ಎಲ್ಲವೂ ಇದೆ, ಬುಡದ ಬಗ್ಗೆ ಒಂದು ಮಾತೂ ಇಲ್ಲ. ಈ ಗುಂಪಿನಲ್ಲಿ ಕುಲ ತೀರ್ಮಾನವಾಗುವುದೇ ಬುಡದಲ್ಲಿ.

ಜೈಗೊಫೈಲಾಕ್ಸ್ ಆದರೆ ಹೈಡ್ರೋಥೀಕಾಕ್ಕೆ ಒಂದು ಗಿಡ್ಡ ತೊಟ್ಟು ಇರುತ್ತದೆ. ತೊಟ್ಟಿನ ಮೇಲೆ, ಒಳಗಡೆ, ನಡುವೆ ತೂತಿರುವ ತೆಳು ಅಡ್ಡಪರದೆ ಇರುತ್ತದೆ, ಅದೇ ಡಯಾಫ್ರಾಮ್. ಜೊತೆಗೆ ನೆಮಟೋಥೀಕಾಗಳೂ (ಕಾವಲಿಗಿರುವ ಪುಟ್ಟ ಪಾಲಿಪ್‌ಗಳ ಸಣ್ಣ ಗೂಡುಗಳು) ಇರಬೇಕು. ಅವು ಬಲು ಬೇಗ ಕಳಚಿಕೊಳ್ಳುತ್ತವೆ, ಹಾಗಾಗಿ ಕಾಣಲಿಲ್ಲ ಎಂದಮಾತ್ರಕ್ಕೆ ಇರಲಿಲ್ಲ ಎಂದಲ್ಲ. ತೊಟ್ಟಿನ ಬುಡದಲ್ಲಿ, ಕಾಂಡದ ಹೊರಕೊಳವೆಗಳ ಮೇಲೆ ದುಂಡನೆಯ ಸಣ್ಣ ತೂತುಗಳಿದ್ದರೆ ಅದು ನೆಮಟೋಥೀಕಾ ಕೂತಿದ್ದ ಜಾಗ. ಅಕ್ರಿಪ್ಟೊಲೇರಿಯಾದಲ್ಲಿ ತೊಟ್ಟೂ ಇಲ್ಲ, ಡಯಾಫ್ರಾಮೂ ಇಲ್ಲ, ನೆಮಟೋಥೀಕಾವೂ ಇಲ್ಲ. ಹೈಡ್ರೋಥೀಕಾದ ಒಂದು ಭಾಗ ಕವಲಿಗೆ ಅಂಟಿರುತ್ತದೆ. ಲ್ಯಾಫೋಯಿಯಾದಲ್ಲೂ ಡಯಾಫ್ರಾಮ್ ಇಲ್ಲ, ಆದರೆ ಅಲ್ಲಿ ಹೈಡ್ರೋಥೀಕಾ ಬಿಡಿಯಾಗಿ ನಿಂತಿರುತ್ತದೆ, ಅಂಟಿರುವುದಿಲ್ಲ. ಹಳೆಯ ಪುಸ್ತಕಗಳು ಇವನ್ನೆಲ್ಲ ಲ್ಯಾಫೋಯಿಡೀ ಎಂಬ ಒಂದೇ ಕುಟುಂಬದಲ್ಲಿ ತುಂಬಿದ್ದವು. ಈಗ ಜೈಗೊಫೈಲಾಕ್ಸ್‌ಗೆ ಬೇರೆ ಕುಟುಂಬವೇ ಇದೆ, ಕೀಲಿ ಹಳೆಯದಾದರೆ ಗೊಂದಲ ಆಗುವುದು ಸಹಜ.

ಇನ್ನೊಂದು ಎಚ್ಚರ. ಸರ್ಟುಲರೆಲ್ಲಾದಂಥ ಬೇರೆ ಹೈಡ್ರಾಯ್ಡ್ ಕುಲಗಳ ಮುಚ್ಚಳ ಉದುರಿದ ಮೇಲೆ ಅವೂ ಬರೀ ಕೊಳವೆಯಂತೆ ಕಾಣುತ್ತವೆ. ಅಂಚನ್ನು ಮೇಲಿನಿಂದ ನೋಡಿ. ನಾಲ್ಕು ಮೂಲೆಗಳಲ್ಲಿ ಹಲ್ಲಿನ ಗುರುತಿದ್ದರೆ ಸರ್ಟುಲರೆಲ್ಲಾ ಕಡೆಗೆ, ಮೂರಿದ್ದರೆ ಸಿಂಪ್ಲೆಕ್ಟೊಸೈಫಸ್ ಕಡೆಗೆ ಹೋಗಬೇಕು. ನೀವು ನುಣುಪು ಎಂದಿದ್ದೀರಿ, ಆದರೂ ಅಂಚು ಹೊಸದಾಗಿ ಬೆಳೆಯದ ಒಂದೆರಡು ಹೈಡ್ರೋಥೀಕಾ ಹುಡುಕಿ ಖಾತ್ರಿ ಮಾಡಿಕೊಳ್ಳಿ.

ಈಗ ಸ್ಲೈಡ್. ಕವಲಿನ ನಡುಭಾಗದಿಂದ 5–8 ಮಿ.ಮೀ. ತುಂಡು ತೆಗೆಯಿರಿ. ತುದಿಯಲ್ಲಿರುವವು ಇನ್ನೂ ಎಳೆಯವು, ಗೋಡೆ ತೆಳು. ಬುಡದಲ್ಲಿರುವವನ್ನು ಹೊರಕೊಳವೆಗಳು ಮುಚ್ಚಿಬಿಟ್ಟಿರುತ್ತವೆ. 70% ಆಲ್ಕೋಹಾಲ್‌ನಿಂದ 50, 30, ಆಮೇಲೆ ನೀರು. ನೀರನ್ನು ಮೊದಲೇ ಕುದಿಸಿ ಆರಿಸಿಟ್ಟುಕೊಳ್ಳಿ, ಅದರಲ್ಲಿ ಕರಗಿದ ಗಾಳಿ ಹೋಗಿರುತ್ತದೆ. ಇಲ್ಲವಾದರೆ ಹೈಡ್ರೋಥೀಕಾದೊಳಗೆ ಗುಳ್ಳೆ ಕೂತು ಸೂಕ್ಷ್ಮದರ್ಶಕದಲ್ಲಿ ಇಡೀ ಕೊಳವೆ ಕಪ್ಪಗೆ ಕಾಣುತ್ತದೆ, ಬುಡ ಕಾಣುವುದೇ ಇಲ್ಲ. ಅಲ್ಲಿಂದ 25% ಗ್ಲಿಸರಿನ್, 50%, ಕೊನೆಗೆ ಶುದ್ಧ ಗ್ಲಿಸರಿನ್, ಒಂದೊಂದರಲ್ಲೂ ಕೆಲವು ಗಂಟೆ. ಅವಸರಪಟ್ಟು ನೀರಿನಿಂದ ನೇರ ಶುದ್ಧ ಗ್ಲಿಸರಿನ್‌ಗೆ ಹಾಕಿದರೆ ಒಳಗಿನ ನೀರು ಹೊರಬರುವ ವೇಗಕ್ಕೆ ಗ್ಲಿಸರಿನ್ ಒಳಹೋಗುವುದಿಲ್ಲ, ತೆಳು ಗೋಡೆ ಒಳಕ್ಕೆ ಕುಸಿಯುತ್ತದೆ.

ಕವರ್‌ಸ್ಲಿಪ್ ಹಾಕುವ ಮೊದಲು ಮಾದರಿಯ ಎರಡೂ ಕಡೆ 0.4 ಮಿ.ಮೀ. ದಪ್ಪದ ನೈಲಾನ್ ದಾರದ ತುಂಡು ಇಡಿ. ಇದು ಸಣ್ಣ ವಿಷಯ ಅನ್ನಿಸಬಹುದು. ಲೆಕ್ಕ ಹಾಕಿ: 0.2 ಮಿ.ಮೀ. ವ್ಯಾಸದ ಕೊಳವೆಯ ಸುತ್ತಳತೆ 0.63 ಮಿ.ಮೀ. ಕವರ್‌ಸ್ಲಿಪ್ ಅದನ್ನು ಪೂರ್ತಿ ಚಪ್ಪಟೆ ಮಾಡಿದರೆ ಅಗಲ ಅದರ ಅರ್ಧ, ಅಂದರೆ 0.31. ನಿಮ್ಮ 0.2ರಿಂದ 0.3ರ ಏರಿಳಿತ ಪ್ರಾಣಿಯದಲ್ಲ, ಗಾಜಿನದು ಎಂದು ನನ್ನ ಅನುಮಾನ.

40× ಲೆನ್ಸಿನಲ್ಲಿ ಪಕ್ಕದಿಂದ ನೋಡುತ್ತಾ ಫೋಕಸ್ಸನ್ನು ನಿಧಾನವಾಗಿ ಕೆಳಗಿಳಿಸಿ. ಡಯಾಫ್ರಾಮ್ ಇದ್ದರೆ ನಡುಮಟ್ಟದಲ್ಲಿ ಎರಡೂ ಗೋಡೆಗಳಿಂದ ಒಳಕ್ಕೆ ಚಾಚಿದ ಸಣ್ಣ ಹಲಗೆಯಂತೆ ಕಾಣುತ್ತದೆ. ಹಲಗೆ ಇಲ್ಲದೆ ಗೋಡೆಯ ಮೇಲೆ ಹೊಳೆಯುವ ಚುಕ್ಕೆಗಳ ಸಾಲು ಮಾತ್ರ ಕಂಡರೆ ಅದು ಡಯಾಫ್ರಾಮ್ ಅಲ್ಲ, ಪಾಲಿಪ್ ಗೋಡೆಗೆ ಕಚ್ಚಿಕೊಂಡಿದ್ದ ಜಾಗ, ಡೆಸ್ಮೊಸೈಟ್‌ಗಳ ಗುರುತು. ಇವೆರಡನ್ನು ಅದಲುಬದಲು ಮಾಡಿಕೊಳ್ಳುವುದೇ ಇಲ್ಲಿನ ಅತಿ ಸಾಮಾನ್ಯ ತಪ್ಪು.

ಒಳಗಿನ ಅಂಗಾಂಶ ಅಡ್ಡ ಬಂದರೆ ಬೇರೊಂದು ತುಂಡನ್ನು ಹತ್ತು ಪಾಲು ನೀರಿಗೆ ಒಂದು ಪಾಲು ಬ್ಲೀಚ್ ಹಾಕಿದ ದ್ರಾವಣದಲ್ಲಿ ಕೆಲವೇ ನಿಮಿಷ ಇಡಿ, ಕಣ್ಣು ತೆಗೆಯದೆ ನೋಡುತ್ತಿರಿ. ಹೆಚ್ಚು ಹೊತ್ತಾದರೆ ಪೆರಿಸಾರ್ಕ್ (ಕಾಲನಿಯ ಹೊರಕವಚ) ಕೂಡ ಸವೆಯುತ್ತದೆ. ಬ್ಲೀಚ್ ಕಂಡ ತುಂಡು ನೆಮಟೋಸಿಸ್ಟ್ (ಒಳಗೆ ಸುರುಳಿ ಎಳೆ ಇಟ್ಟುಕೊಂಡು ಸಿಡಿಯುವ ಸೂಕ್ಷ್ಮ ಕುಟುಕುಕಣ) ನೋಡಲು ಕೆಲಸಕ್ಕೆ ಬಾರದು, ಅದಕ್ಕೆ ಬೇರೆ ಎತ್ತಿಡಿ.

ಕುಟುಕುಕಣ:

ಮೇಲೆ ಹೇಳಿದ್ದರಿಂದ ಕುಲ ಸಿಗುತ್ತದೆ. ಪ್ರಭೇದ ಸಿಗಬೇಕಾದರೆ ನೆಮಟೋಸಿಸ್ಟ್ ಅಳೆಯದೆ ಬೇರೆ ದಾರಿ ಇಲ್ಲ.

ಕಾನ್ಫರ್ಟಾ ಎಂಬುದು ಪ್ರಾಣಿಶಾಸ್ತ್ರಜ್ಞ ಆಲ್ಮನ್ 1877ರಲ್ಲಿ ಕ್ರಿಪ್ಟೊಲೇರಿಯಾ ಕುಲದಲ್ಲಿ ಇಟ್ಟು ವರ್ಣಿಸಿದ ಪ್ರಭೇದ. ಆಮೇಲೆ ಅದು ಕಸದ ಬುಟ್ಟಿಯಾಯಿತು. ಎರಡು ಸಾಲು, ಅರ್ಧ ಅಂಟಿದ ಕೊಳವೆ, ನುಣುಪು ಅಂಚು, ಇಷ್ಟು ಕಂಡರೆ ಯಾವ ಸಾಗರದಿಂದ ಬಂದರೂ ಕಾನ್ಫರ್ಟಾ ಎಂದು ಬರೆದುಬಿಟ್ಟರು. 2007ರಲ್ಲಿ ಈ ಕುಲವನ್ನು ಟೈಪ್ ಮಾದರಿಗಳ (ಹೆಸರಿಡುವಾಗ ಆಧಾರವಾಗಿಟ್ಟ ಮೂಲ ಮಾದರಿಗಳ) ಸಮೇತ ಮತ್ತೆ ಪರಿಶೀಲಿಸಿದಾಗ ನೆಮಟೋಸಿಸ್ಟ್ ಗಾತ್ರ ಮುಖ್ಯ ಲಕ್ಷಣವಾಗಿ ಮುಂದೆ ಬಂತು. ಅದಕ್ಕೂ ಹಿಂದಿನ ದಾಖಲೆಗಳಲ್ಲಿ ಈ ಅಳತೆ ಇಲ್ಲದಿದ್ದರೆ ಅವುಗಳೊಂದಿಗೆ ಹೋಲಿಸಿ ಪ್ರಯೋಜನವಿಲ್ಲ. ನಿಮ್ಮ ಹೋಲಿಕೆ ಟೈಪ್ ಮಾದರಿಯ ಅಳತೆಯ ಜೊತೆ ಇರಲಿ, ಯಾರೋ ಆಮೇಲೆ ಕಾನ್ಫರ್ಟಾ ಎಂದು ಕರೆದ ಮಾದರಿಯ ಜೊತೆ ಬೇಡ.

ಪಾಲಿಪ್ ಉದುರಿದೆ ಎಂದು ಕೈಚೆಲ್ಲಬೇಡಿ. ಕವಲಿನ ಕೊಳವೆಯೊಳಗಿನ ಮೆತ್ತನೆಯ ಅಂಗಾಂಶ, ಅಂದರೆ ಕೀನೋಸಾರ್ಕ್‌ನಲ್ಲೂ ನೆಮಟೋಸಿಸ್ಟ್ ಇರುತ್ತವೆ. 2–3 ಮಿ.ಮೀ. ತುಂಡನ್ನು ಸ್ಲೈಡಿನ ಮೇಲೆ ಒಂದು ಹನಿ ನೀರಿನಲ್ಲಿ ಇಟ್ಟು ಎರಡು ಸೂಜಿಯಿಂದ ಉದ್ದಕ್ಕೆ ಸೀಳಿ, ಪೆರಿಸಾರ್ಕ್ ಸಿಪ್ಪೆ ಆಚೆ ತೆಗೆದು, ಉಳಿದ ಅಂಗಾಂಶದ ಮೇಲೆ ಕವರ್‌ಸ್ಲಿಪ್ ಹಾಕಿ ಪೆನ್ಸಿಲ್ಲಿನ ರಬ್ಬರ್ ತುದಿಯಿಂದ ಮೆಲ್ಲಗೆ ಒತ್ತಿ. ಇಲ್ಲಿ ನೈಲಾನ್ ದಾರ ಬೇಡ, ಚಪ್ಪಟೆಯೇ ಆಗಬೇಕು. ಸಿಪ್ಪೆ ಒಂದು ಚೂರು ಉಳಿದರೂ ಕವರ್‌ಸ್ಲಿಪ್ ಅದರ ಮೇಲೆ ವಾಲಿ ನಿಂತು 100× ಎಣ್ಣೆ ಲೆನ್ಸ್ ಫೋಕಸ್ ಆಗುವುದಿಲ್ಲ.

ಎರಡು ಗಾತ್ರದ ಕಣಗಳು ಕಾಣಬೇಕು. ಸಣ್ಣವು ರಾಶಿ ರಾಶಿ ಇರುತ್ತವೆ, ಅವುಗಳಿಂದ ಪ್ರಭೇದ ಹೇಳಲು ಹೆಚ್ಚೇನೂ ಸಿಗದು. ದೊಡ್ಡವನ್ನು ಹುಡುಕಿ. ಸಿಡಿಯದೆ ಉಳಿದವನ್ನು ಮಾತ್ರ ಅಳೆಯಿರಿ, ಏಕೆಂದರೆ ಎಳೆ ಹೊರಬಂದ ಮೇಲೆ ಕೋಶದ ಆಕಾರ ಬದಲಾಗುತ್ತದೆ. ಎರಡೂ ತುದಿ ಒಂದೇ ಫೋಕಸ್‌ನಲ್ಲಿ ಚೂಪಾಗಿ ಕಂಡರೆ ಕಣ ಸಮವಾಗಿ ಮಲಗಿದೆ ಎಂದರ್ಥ. ಒಂದು ತುದಿ ಮಸುಕಾದರೆ ವಾಲಿದೆ, ಅದರ ಉದ್ದ ಕಡಿಮೆ ಬರುತ್ತದೆ, ಬಿಟ್ಟುಬಿಡಿ. ಕನಿಷ್ಠ 20 ಕಣಗಳ ಉದ್ದ ಮತ್ತು ಅತಿ ಹೆಚ್ಚಿನ ಅಗಲ, ಅದೂ ಒಂದೇ ಕಡೆಯಿಂದಲ್ಲ, ಮೂರು ನಾಲ್ಕು ಜಾಗಗಳಿಂದ. ಸೂಕ್ಷ್ಮದರ್ಶಕಕ್ಕೆ ಕಣ್ಣಿಡುವ ಲೆನ್ಸಿನ ಅಳತೆಪಟ್ಟಿಯನ್ನು ಸ್ಟೇಜ್ ಮೈಕ್ರೋಮೀಟರಿನಿಂದ ಅದೇ ಲೆನ್ಸಿನಲ್ಲಿ ಸರಿಹೊಂದಿಸಿ. 100×ನಲ್ಲಿ ಪಟ್ಟಿಯ ಒಂದು ಗೆರೆ ಸುಮಾರು 1 ಮೈಕ್ರೋಮೀಟರ್ ಬರುವುದರಿಂದ ಅರ್ಧ ಮೈಕ್ರೋಮೀಟರಿಗಿಂತ ನಿಖರ ಎಂದು ಬರೆದರೆ ಅದು ಸುಳ್ಳು.

ಫಾರ್ಮಲಿನ್ (ಫಾರ್ಮಾಲ್ಡಿಹೈಡ್ ದ್ರಾವಣ) ಮಾದರಿಯ ಅಳತೆ, ಆಲ್ಕೋಹಾಲ್ ಮಾದರಿಯ ಅಳತೆ ಬೇರೆ ಬೇರೆ ಇಡಿ, ಒಂದೇ ಸರಾಸರಿಗೆ ಸುರಿಯಬೇಡಿ. ಹಾಗೆಯೇ, ಹೊರಮೈಯಿಂದ ಕೆರೆದ ಕಣಗಳನ್ನು ನಂಬಬೇಡಿ. ಆಳದ ಹೈಡ್ರಾಯ್ಡ್ ಮೇಲೆ ಇನ್ನೊಂದು ಹೈಡ್ರಾಯ್ಡ್ ಹಬ್ಬಿರುವುದು ಮಾಮೂಲಿ, ಅದರ ಕಣ ನಿಮ್ಮ ಲೆಕ್ಕಕ್ಕೆ ಸೇರಿಬಿಡುತ್ತದೆ.

ಇನ್ನು ಹೈಡ್ರೋಥೀಕಾ ಅಳತೆ. ಹೊರಗೋಡೆಯ ಉದ್ದ, ಕಾಂಡದ ಕಡೆಯ ಗೋಡೆಯಲ್ಲಿ ಅಂಟಿದ ಭಾಗದ ಉದ್ದ, ಅದೇ ಗೋಡೆಯ ಬಿಡಿ ಭಾಗದ ಉದ್ದ, ಬಾಯಿಯ ವ್ಯಾಸ, ಹೈಡ್ರೋಥೀಕಾ ಕವಲಿನಿಂದ ಬಿಡುವ ಜಾಗದ ಅಗಲ. ಅಂಟಿದ ಭಾಗಕ್ಕೂ ಬಿಡಿ ಭಾಗಕ್ಕೂ ಇರುವ ಅನುಪಾತ ಒಂಟಿ ಉದ್ದಕ್ಕಿಂತ ಹೆಚ್ಚು ಮಾತಾಡುತ್ತದೆ. ಬಾಗಿದ ಗೋಡೆಯನ್ನು ನೇರ ಗೆರೆಯಲ್ಲಿ ಅಳೆದಿರೋ ಬಾಗಿನ ಜೊತೆ ಅಳೆದಿರೋ ಎಂದು ಬರೆಯಲೇಬೇಕು.

ಒಂದು ಪ್ರಶ್ನೆ: ನಿಮ್ಮ 0.9 ಮಿ.ಮೀ. ಯಾವ ಅಂಚಿನವರೆಗೆ? ಪಾಲಿಪ್ ಸತ್ತು ಮತ್ತೆ ಬೆಳೆದಾಗ ಹಳೆ ಬಾಯಿಯ ಮೇಲೆ ಹೊಸ ಕೊಳವೆ ಸೇರುತ್ತದೆ. ಬಳೆಯಿಂದ ಬಳೆಗೆ 0.05 ಮಿ.ಮೀ. ಎಂದರೂ ಮೂರು ಸಲಕ್ಕೆ 0.15. ಅದು ಕಾಲನಿಯ ವಯಸ್ಸು, ಪ್ರಭೇದದ ಲಕ್ಷಣ ಅಲ್ಲ. ಮೊದಲ ಅಂಚಿನವರೆಗಿನ ಅಳತೆಯನ್ನೇ ಮುಖ್ಯವಾಗಿ ಕೊಡಿ.

ಹಳೆಬಲೆ:

ಎಲ್ಲರೂ ಹೈಡ್ರೋಥೀಕಾದಲ್ಲೇ ಮುಳುಗಿದ್ದಾರೆ, ಆ ಕಂಬಳಿ ಉಬ್ಬಿನ ಬಗ್ಗೆ ಎರಡು ಮಾತು.

ಕೊಪಿನಿಯಾ ಎಂದರೆ ಗೊನೋಥೀಕಾಗಳು (ಸಂತಾನೋತ್ಪತ್ತಿ ಭಾಗಗಳ ಗೂಡುಗಳು) ಒಂದಕ್ಕೊಂದು ಒತ್ತಿಕೊಂಡು ಕವಲನ್ನು ಸುತ್ತಿದ ಗುಂಪು. 19ನೇ ಶತಮಾನದಲ್ಲಿ ಇದನ್ನು ಬೇರೆಯದೇ ಒಂದು ಪ್ರಾಣಿ ಎಂದು ತಿಳಿದು ಕೊಪಿನಿಯಾ ಎಂಬ ಕುಲವನ್ನೇ ಮಾಡಿದ್ದರು. ಲ್ಯಾಫೋಯಿಯಾದಂಥವುಗಳ ಸಂತಾನೋತ್ಪತ್ತಿ ಭಾಗ ಎಂದು ಆಮೇಲೆ ತಿಳಿಯಿತು. ಈಗಿನ ತಪ್ಪು ಅದರ ತಿರುಗುಮುರುಗು. ಕವಲಿನ ಮೇಲೆ ಕೊಪಿನಿಯಾ ಕಂಡ ಕೂಡಲೇ ಅದು ಆ ಕವಲಿನದೇ ಎಂದುಕೊಳ್ಳುತ್ತೇವೆ. ಫಿಲೆಲ್ಲಮ್ ಎಂಬ ಸಣ್ಣ ಹೈಡ್ರಾಯ್ಡ್ ಬೇರೆ ಹೈಡ್ರಾಯ್ಡ್‌ಗಳ ಕಾಂಡದ ಮೇಲೆ ಹರಿದಾಡಿ ಬೆಳೆಯುತ್ತದೆ, ಮತ್ತು ಅದಕ್ಕೂ ಕೊಪಿನಿಯಾ ಆಗುತ್ತದೆ.

ಪರೀಕ್ಷೆ ಹೀಗೆ. ಉಬ್ಬಿನ ಒಂದು ಅಂಚನ್ನು ಸೂಜಿಯಿಂದ ಬಿಡಿಸಿ, ಗೊನೋಥೀಕಾದ ಬುಡ ಯಾವ ಕೊಳವೆಗೆ ಸೇರಿದೆ ನೋಡಿ. ಕವಲಿನ ಸ್ವಂತ ಕೊಳವೆಗೆ ತೆರೆದುಕೊಂಡಿದ್ದರೆ ನಿಮ್ಮ ಪ್ರಾಣಿಯದು. ಮೇಲೆ ಹರಿದ ತೆಳು ಬಳ್ಳಿಯಂಥ ಕೊಳವೆಗೆ ಸೇರಿದ್ದರೆ ಅತಿಥಿಯದು. ಫಿಲೆಲ್ಲಮ್‌ನ ಹೈಡ್ರೋಥೀಕಾ ಹೀಗಿರುತ್ತದೆ: ಬುಡದ ಭಾಗ ಕೆಳಗಿನ ಮೈಗೆ ಮಲಗಿ ಅಂಟಿರುತ್ತದೆ, ತುದಿ ಮಾತ್ರ ತಲೆಯೆತ್ತಿ ನಿಂತಿರುತ್ತದೆ; ಮಲಗಿದ ಭಾಗದ ಮೇಲೆ ಎಷ್ಟೋ ಸಲ ಅಡ್ಡ ಗೀರುಗಳಿರುತ್ತವೆ. ಉಬ್ಬಿನ ಆಚೀಚೆ ಒಂದೆರಡು ಸೆಂಟಿಮೀಟರ್ ಹುಡುಕಿದರೆ ಇದ್ದರೆ ಸಿಕ್ಕೇ ಸಿಗುತ್ತದೆ.

ಆಳದ ಬಗ್ಗೆಯೂ ಒಂದು ಮಾತು. ಟ್ರಾಲ್ ಮಾದರಿಗೆ 1,100–1,180 ಎಂದು ಶ್ರೇಣಿ ಬರೆದದ್ದು ಸರಿ, ನಡುವಿನ ಒಂದು ಅಂಕಿ ಬರೆಯಬೇಡಿ. ಹಿಂದಿನ ಎಳೆತದ ಹೈಡ್ರಾಯ್ಡ್ ಬಲೆಯ ಕಣ್ಣಿಗೆ ಸಿಕ್ಕಿಕೊಂಡು ಮುಂದಿನದರಲ್ಲಿ ಬರುವುದು ಉಂಟು, ಹಾಗಾಗಿ ಕಲ್ಲಿಗೋ ಹವಳಕ್ಕೋ ಅಂಟಿದ ಬುಡ ಇದ್ದರೆ ಅದನ್ನೂ ದಾಖಲಿಸಿ. ಹಳೆಯ ವರ್ಣನೆಗಳ ಆಳ ಫ್ಯಾದಮ್‌ನಲ್ಲಿರುತ್ತದೆ. 1 ಫ್ಯಾದಮ್ ಎಂದರೆ 1.83 ಮೀಟರ್. 600 ಫ್ಯಾದಮ್ ಎಂದು ಓದಿ "ನಮ್ಮದರ ಅರ್ಧ ಆಳ" ಎಂದುಕೊಳ್ಳಬೇಡಿ, ಅದು ಸುಮಾರು 1,100 ಮೀಟರೇ.

ಆಳನೀರು:

ಎಲ್ಲರಿಗೂ ಧನ್ಯವಾದ. ಹೇಳಿದಂತೆ ಮಾಡಿದೆ. ದಾರ ಇಟ್ಟು ಅಳೆದರೆ ಬಾಯಿ 0.19–0.22ರೊಳಗೇ ನಿಂತಿತು. 0.9 ಎಂದಿದ್ದು ಕೊನೆಯ ಅಂಚಿನವರೆಗಿನ ಲೆಕ್ಕ. ಮೊದಲ ಅಂಚಿನವರೆಗೆ 0.74–0.80. ಬುಡದಲ್ಲಿ ಹಲಗೆ ಇಲ್ಲ, ಚುಕ್ಕೆಗಳ ಸಾಲು ಮಾತ್ರ. ನೆಮಟೋಥೀಕಾ ಉದುರಿದ ತೂತು ಎಲ್ಲೂ ಇಲ್ಲ. ಕಂಬಳಿ ಉಬ್ಬು ಫಿಲೆಲ್ಲಮ್‌ದೇ. ಬಳ್ಳಿ, ಮಲಗಿದ ಹೈಡ್ರೋಥೀಕಾ, ಗೀರು ಎಲ್ಲವೂ ಸಿಕ್ಕವು. ಅಂದರೆ ನನ್ನ ಮಾದರಿಗೆ ಗೊನೋಥೀಕಾ ಇಲ್ಲವೇ ಇಲ್ಲ. ದೊಡ್ಡ ನೆಮಟೋಸಿಸ್ಟ್ ಫಾರ್ಮಲಿನ್ ತುಂಡಿನಲ್ಲಿ 24 ಸಿಕ್ಕವು. ಅವುಗಳ ಉದ್ದ ಕಾನ್ಫರ್ಟಾದ ಟೈಪ್ ಅಳತೆಗೆ ಕೂಡುವುದಿಲ್ಲ, ಎರಡರ ಶ್ರೇಣಿಗಳು ಒಂದನ್ನೊಂದು ಮುಟ್ಟುವುದೂ ಇಲ್ಲ. ಮುಂದೇನು?

ಸ್ಲೈಡ್‌ಪೆಟ್ಟಿಗೆ:

ಕಾನ್ಫರ್ಟಾ ಅಲ್ಲ ಎಂದಾಯಿತು. ಅದರಿಂದ ಹೊಸದು ಎಂದಾಗಲಿಲ್ಲ. ಕುಲದ ಉಳಿದ ಎಲ್ಲ ಸಿಂಧು ಹೆಸರುಗಳ ಪಟ್ಟಿಯನ್ನು ಸಮುದ್ರಜೀವಿಗಳ ಜಾಗತಿಕ ನೋಂದಣಿಯಲ್ಲಿ ತೆಗೆದು ಒಂದು ಕೋಷ್ಟಕ ಮಾಡಿ: ಪ್ರಭೇದ, ಟೈಪ್ ಸಿಕ್ಕ ಜಾಗ, ಆಳ, ದೊಡ್ಡ ನೆಮಟೋಸಿಸ್ಟ್, ಅಂಟಿದ-ಬಿಡಿ ಅನುಪಾತ, ಬಾಯಿಯ ವ್ಯಾಸ. ಸಮಾನನಾಮ ಎಂದು ಮುಚ್ಚಿಟ್ಟ ಹಳೆ ಹೆಸರುಗಳನ್ನೂ ಸೇರಿಸಿ. ನಿಮ್ಮ ಪ್ರಾಣಿಗೆ ನೂರು ವರ್ಷದ ಹಿಂದೆಯೇ ಯಾರೋ ಹೆಸರಿಟ್ಟು, ಅದನ್ನು ಇನ್ನೊಬ್ಬರು ಕಾನ್ಫರ್ಟಾದೊಳಗೆ ಸೇರಿಸಿಬಿಟ್ಟಿರಬಹುದು. ಹಾಗಿದ್ದರೆ ಹೊಸ ಹೆಸರು ಬೇಡ, ಹಳೆಯದನ್ನು ಎಬ್ಬಿಸಿದರೆ ಸಾಕು.

ಗೊನೋಥೀಕಾ ಇಲ್ಲದ ಮಾದರಿಯಿಂದ ವರ್ಣಿಸುವುದು ನನಗೆ ಒಪ್ಪಿಗೆ ಇಲ್ಲ. ಅದೇ ಜಾಗದ ಇನ್ನೊಂದು ಎಳೆತ ಬರುವವರೆಗೆ "ಅಕ್ರಿಪ್ಟೊಲೇರಿಯಾದ ಒಂದು ಪ್ರಭೇದ" ಎಂದು ಅಳತೆ ಚಿತ್ರಗಳ ಸಮೇತ ಪ್ರಕಟಿಸಿ.

ಕುಟುಕುಕಣ:

ಇದರಲ್ಲಿ ನನ್ನದು ಬೇರೆ ಅಭಿಪ್ರಾಯ. ಅಗ್ಲಾಫೀನಿಡೀಯಂಥ ಕುಟುಂಬದಲ್ಲಿ ಗೊನೋಥೀಕಾವನ್ನು ಕಾಯುವ ರಚನೆ ನೋಡದೆ ಕುಲವನ್ನೇ ಹೇಳಲಾಗದು, ಅಲ್ಲಿ ಕಾಯಲೇಬೇಕು. ಅಕ್ರಿಪ್ಟೊಲೇರಿಯಾದಲ್ಲಿ ಕೊಪಿನಿಯಾ ಸಿಗುವುದೇ ಅಪರೂಪ, ಕಾಯುತ್ತಾ ಕೂತರೆ ಮಾದರಿ ಕಪಾಟಿನಲ್ಲೇ ಮುದುಕಾಗುತ್ತದೆ. ಹೈಡ್ರೋಥೀಕಾ, ನೆಮಟೋಸಿಸ್ಟ್ ಎರಡೂ ಬೇರೆಯಾಗಿ ನಿಂತರೆ ವರ್ಣಿಸಬಹುದು, "ಗೊನೋಥೀಕಾ ಕಂಡಿಲ್ಲ" ಎಂದು ಸ್ಪಷ್ಟವಾಗಿ ಬರೆದು.

ಅದಕ್ಕೂ ಮೊದಲು ಆ 96% ಆಲ್ಕೋಹಾಲ್ ತುಂಡನ್ನು ಬಳಸಿ. ಹೈಡ್ರಾಯ್ಡ್‌ಗೆ ಡಿಎನ್ಎ ಗುರುತಿಗೆ ಮೈಟೋಕಾಂಡ್ರಿಯಾದ 16ಎಸ್ ಎಂಬ ಜೀನಿನ ಭಾಗ ಚೆನ್ನಾಗಿ ಕೆಲಸ ಮಾಡುತ್ತದೆ, ಸುಮಾರು 600 ಬೇಸ್ ಸಿಗುತ್ತದೆ. ಫಾರ್ಮಲಿನ್ ಕಂಡ ತುಂಡಿನಿಂದ ಡಿಎನ್ಎ ತೆಗೆಯುವ ಪ್ರಯತ್ನ ಸಾಮಾನ್ಯವಾಗಿ ವ್ಯರ್ಥ. ಕವಲಿನ ತುದಿಯ 2–3 ಮಿ.ಮೀ. ಸಾಕು. ತುದಿ ಏಕೆಂದರೆ ಅಲ್ಲಿಗೆ ಫಿಲೆಲ್ಲಮ್ ಇನ್ನೂ ಏರಿರುವುದಿಲ್ಲ. ನಿಮ್ಮ ಕಾಲನಿಯಲ್ಲಿ ಅದು ಇದೆ ಎಂದು ಗೊತ್ತಾಗಿರುವಾಗ ಬುಡದಿಂದ ಕತ್ತರಿಸಿದರೆ ಅತಿಥಿಯ ಜೀನೇ ಓದಿಬರಬಹುದು. ಕತ್ತರಿಸುವ ಮೊದಲು ಅದೇ ತುಂಡಿನ ಫೋಟೋ ತೆಗೆದಿಡಿ. ಡಿಎನ್ಎ ಅನುಕ್ರಮಗಳ ಸಾರ್ವಜನಿಕ ಭಂಡಾರವಾದ ಜೀನ್‌ಬ್ಯಾಂಕ್‌ನಲ್ಲಿ "ಕಾನ್ಫರ್ಟಾ" ಎಂಬ ಹೆಸರಿನ ಅನುಕ್ರಮಕ್ಕೆ ಹತ್ತಿರ ಬಂತು ಎಂದು ತಕ್ಷಣ ನಂಬಬೇಡಿ. ಆ ಮಾದರಿಗೆ ಹೆಸರಿಟ್ಟವರು ನೆಮಟೋಸಿಸ್ಟ್ ನೋಡಿದ್ದರೇ ಎಂಬ ಪ್ರಶ್ನೆ ಅಲ್ಲಿಯೂ ಇದ್ದೇ ಇದೆ.

ಹಳೆಬಲೆ:

ವರ್ಣಿಸುವುದೇ ಆದರೆ ನಿಯಮಸಂಹಿತೆಯ ಕಡೆಯಿಂದ ಮುಗ್ಗರಿಸುವ ಜಾಗಗಳನ್ನು ಹೇಳುತ್ತೇನೆ. ಪ್ರಾಣಿನಾಮಕರಣದ ಸಂಹಿತೆಯಲ್ಲಿ ಒಂದೇ ಕಾಲನಿ ಒಂದೇ ಮಾದರಿ ಎಂದು ಲೆಕ್ಕ, ಪಾಲಿಪ್ ಎಷ್ಟೇ ಇರಲಿ. ಹಾಗಾಗಿ 7 ಸೆಂ.ಮೀ.ನ ಕಾಲನಿ ಇಡಿಯಾಗಿ ಹೋಲೋಟೈಪ್ (ಹೊಸ ಹೆಸರಿಗೆ ಆಧಾರವಾಗುವ ಒಂದೇ ಮಾದರಿ) ಆಗಬಹುದು, ಅದರಿಂದ ಮಾಡಿದ ಸ್ಲೈಡುಗಳೂ ಅದರದೇ ಭಾಗ. ಅವನ್ನು ಪ್ಯಾರಾಟೈಪ್ (ಹೋಲೋಟೈಪ್ ಜೊತೆ ಹೆಸರಿಸುವ ಬೇರೆ ಮಾದರಿ) ಎಂದು ಬರೆಯಬೇಡಿ. ಉಳಿದೆರಡು ತುಂಡು ಬೇರೆ ಕಾಲನಿಯವೋ, ಬಲೆಯಲ್ಲಿ ಮುರಿದ ಇದೇ ಕಾಲನಿಯವೋ ಮೊದಲು ನೋಡಿ. ಮುರಿದ ಬುಡ ಕೂಡಿಕೊಂಡರೆ ಅವೂ ಹೋಲೋಟೈಪ್‌ನ ಭಾಗವೇ. ಬೇರೆ ಎಂದು ಖಾತ್ರಿಯಾದರೆ ಮಾತ್ರ ಪ್ಯಾರಾಟೈಪ್.

ಹೊಸ ಪ್ರಭೇದ ಎಂದು ಸ್ಪಷ್ಟ ಮಾತಿನಲ್ಲಿ ಘೋಷಿಸಿ, ಹೋಲೋಟೈಪ್ ಯಾವುದೆಂದು ಹೇಳಿ, ಅದು ಯಾವ ಸಂಗ್ರಹಾಲಯದಲ್ಲಿ ಇದೆ ಅಥವಾ ಇರಲಿದೆ ಎಂದು ಬರೆಯಿರಿ. 1999ರ ನಂತರದ ಹೆಸರುಗಳಿಗೆ ಇದು ಕಡ್ಡಾಯ. ಬಿಟ್ಟರೆ ಹೆಸರೇ ಸಿಂಧುವಲ್ಲ. ಆನ್‌ಲೈನ್ ಪತ್ರಿಕೆಯಲ್ಲಿ ಮಾತ್ರ ಬರುವುದಾದರೆ ಪ್ರಕಟಣೆಗೂ ಮೊದಲೇ ಪ್ರಾಣಿನಾಮಗಳ ಅಧಿಕೃತ ನೋಂದಣಿಯಾದ ಜೂಬ್ಯಾಂಕ್‌ನಲ್ಲಿ ನೋಂದಾಯಿಸಿ, ನೋಂದಾಯಿಸಿದ ಗುರುತು ಲೇಖನದ ಒಳಗೇ ಇರಬೇಕು. ಅಕ್ರಿಪ್ಟೊಲೇರಿಯಾ ಸ್ತ್ರೀಲಿಂಗ, ಆದ್ದರಿಂದ ಪ್ರಭೇದದ ಹೆಸರು ಲ್ಯಾಟಿನ್ ವಿಶೇಷಣವಾದರೆ ಅದೂ ಸ್ತ್ರೀಲಿಂಗದಲ್ಲಿರಲಿ. ಕಾನ್ಫರ್ಟಸ್ ಅಲ್ಲ ಕಾನ್ಫರ್ಟಾ ಆದ ಹಾಗೆ. ಹೋಲಿಕೆಯ ಭಾಗದಲ್ಲಿ ಕಾನ್ಫರ್ಟಾ ಬರೆಯುವಾಗ ಆಲ್ಮನ್, 1877 ಎಂಬುದನ್ನು ಆವರಣದಲ್ಲಿ ಹಾಕಿ, ಅವರು ಇಟ್ಟ ಕುಲ ಈಗ ಬದಲಾಗಿದೆಯಲ್ಲ.

ಚಿತ್ರ ಬಿಡಿಸುವಾಗ ಫೋಟೋ ಒಂದನ್ನೇ ನೆಚ್ಚಬೇಡಿ. ಕ್ಯಾಮೆರಾ ಲುಸಿಡಾದಲ್ಲಿ (ಸೂಕ್ಷ್ಮದರ್ಶಕದ ಬಿಂಬವನ್ನು ಕಾಗದದ ಮೇಲೆ ಕಾಣಿಸುವ ಸಾಧನ) ಗೆರೆಚಿತ್ರವೂ ಬೇಕು, ಏಕೆಂದರೆ ಚುಕ್ಕೆಸಾಲು, ಮೊದಲ ಅಂಚು, ಅಂಟಿದ ಗೋಡೆ ಮೂರೂ ಬೇರೆ ಬೇರೆ ಫೋಕಸ್‌ನಲ್ಲಿರುತ್ತವೆ, ಒಂದೇ ಫೋಟೋದಲ್ಲಿ ಸಿಗುವುದಿಲ್ಲ. ಪಕ್ಕದಲ್ಲಿ ಅಳತೆಗೆರೆ ಇರಲಿ, "40 ಪಟ್ಟು" ಎಂದು ಬರೆದರೆ ಮುದ್ರಣದಲ್ಲಿ ಚಿತ್ರ ಕುಗ್ಗಿದ ಕೂಡಲೇ ಅದು ಸುಳ್ಳಾಗುತ್ತದೆ.

ಸ್ಲೈಡುಗಳನ್ನು ಗ್ಲಿಸರಿನ್‌ನಲ್ಲೇ ಬಿಡಬೇಡಿ, ಅದು ಸೋರಿ ಬತ್ತುತ್ತದೆ. ಟೈಪ್ ಸ್ಲೈಡಿಗೆ ನೀರಿನಿಂದ ತೊಳೆದು ಆಲ್ಕೋಹಾಲ್ 50, 70, 95ಕ್ಕೆ ಏರಿಸಿ ಯೂಪರಾಲ್ ಎಂಬ ಸ್ಲೈಡಿನ ಅಂಟಿನಲ್ಲಿ ಕೂರಿಸಿ. 95%ನಿಂದ ನೇರವಾಗಿ ಹಾಕಬಹುದು, ಕೆನಡಾ ಬಾಲ್ಸಮ್‌ಗೆ ಬೇಕಾದ ಕ್ಸೈಲೀನ್ ಹಂತ ಇಲ್ಲಿ ಬೇಕಾಗುವುದಿಲ್ಲ. ಸೀಸೆಯೊಳಗಿನ ಚೀಟಿಯನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ, ಬಾಲ್‌ಪೆನ್ ಶಾಯಿ ಆಲ್ಕೋಹಾಲ್‌ನಲ್ಲಿ ಕರಗಿಹೋಗುತ್ತದೆ. ಸೀಸೆ, ಪ್ರತಿ ಸ್ಲೈಡು, ಡಿಎನ್ಎ ಟ್ಯೂಬ್ ಮೂರಕ್ಕೂ ಒಂದೇ ನೋಂದಣಿ ಸಂಖ್ಯೆ ಇರಲಿ. ಫಿಲೆಲ್ಲಮ್‌ಗೂ ಬೇರೆ ಸಂಖ್ಯೆ ಕೊಡಿ, ಅದಕ್ಕೆ ಕೊಪಿನಿಯಾ ಇದೆಯಲ್ಲ; ಅದರ ಪ್ರಭೇದ ಹೇಳುವುದು ನಿಮ್ಮ ಅಕ್ರಿಪ್ಟೊಲೇರಿಯಾಕ್ಕಿಂತ ಸುಲಭವಾದೀತು.